ದಿನಾ ನೋಡಿದವನಿಗೆ ಹಳೆಯ ತಾರೀಖು

ಕುರಿ ಲಸಿಕೆ ಶಿಬಿರಗಳ ಜಾಲತಾಣ ನೋಡಿಕೊಳ್ಳುವ ಮಾನ್ಯರೇ,

ನಿಮ್ಮ ಪುಟ ನನಗೆ ಸುಳ್ಳು ಹೇಳಿತು. ಅದನ್ನೇ ನಾನು ಕುರಿ ಮೇಯಿಸುವ ಹುಚ್ಚಕ್ಕನಿಗೆ ಹೇಳಿದೆ. ಅವಳ ಕುರಿಗಳು ಸತ್ತವು.

ಐಮಂಗಲದ ಹೆದ್ದಾರಿ ಪಕ್ಕ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿರುವವನು ನಾನು. ಮಳೆಗೆ ಎಳೆ ಹುಲ್ಲು ಚಿಗುರುವ ಮೊದಲೇ ಕರುಳುಬೇನೆಯ ಲಸಿಕೆ ಬೀಳಬೇಕೆಂಬುದು ತಮಗೆ ಗೊತ್ತಿರಬಹುದು. ಹಾಗಾಗಿ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ನಿಮ್ಮ ಪುಟ ತೆರೆಯುತ್ತಿದ್ದೆ. ಕುರಿಯವರು ನನ್ನನ್ನು ಕೇಳಿಯೇ ಶಿಬಿರಕ್ಕೆ ಮಂದೆ ಹೊಡೆಯುತ್ತಿದ್ದರು. ನನಗೂ ಒಳಗೊಳಗೇ ಜಂಬ.

ಒಂದು ದಿನ ಹುಚ್ಚಕ್ಕ ಬಂದಳು. "ನಾಳೆನೇ ಸೂಜಿ ಹಾಕ್ತಾರಂತೆ. ನಮ್ಮಣ್ಣನ ಮಗ ಜುಂಜೇಶ ಮೊಬೈಲ್‌ನಾಗೆ ನೋಡ್ಯಾನೆ. ನಿಜನೇನಪ್ಪ?"

ನನ್ನ ಪರದೆಯಲ್ಲಿ ಮುಂದಿನ ವಾರದ ತಾರೀಖಿತ್ತು. "ಅವನಿಗೇನ್ ಗೊತ್ತೈತೆ? ದಿನಾ ನೋಡೋನು ನಾನು. ಹೋಗಕ್ಕ, ಮೇಯಿಸ್ಕಂಡ್ ಬಾ" ಎಂದು ನಕ್ಕೆ. ಅವಳು ಮಂದೆ ಹೊಡೆದುಕೊಂಡು ದೂರದ ಬೀಳುಭೂಮಿಗೆ ಹೋದಳು. ಮರುದಿನ ಅವಳಿಲ್ಲದೆಯೇ ಶಿಬಿರ ನಡೆದು ಮುಗಿಯಿತು. ಮತ್ತೊಂದು ಶಿಬಿರ ಬರುವ ಮೊದಲೇ ಮಳೆ ಬಂದು ಎಳೆ ಹುಲ್ಲು ಚಿಗುರಿತು. ಹೊಟ್ಟೆ ಉಬ್ಬಿಸಿಕೊಂಡು ಬಿದ್ದ ಮರಿಗಳನ್ನು ನಾನೇ ಕಣ್ಣಾರೆ ನೋಡಿದೆ.

ಯಾಕೆ ಹೀಗಾಯಿತೆಂದು ಚಿತ್ರದುರ್ಗದಲ್ಲಿ ವೆಬ್‌ಸೈಟ್ ಮಾಡುವ ದೀಪಾ ಬಿಡಿಸಿ ಹೇಳಿದರು. ನಿಮ್ಮ ಸರ್ವರ್ ಪಾಪ ಶ್ರದ್ಧೆಯದು. ಯಾರು ಕೇಳಿದರೂ ಊರು, ತಾರೀಖು ಎಲ್ಲ ಜೋಡಿಸಿ ಆ ಗಳಿಗೆಗೆ ಹೊಸದಾಗಿ ಪುಟ ಕಟ್ಟಿಕೊಡುತ್ತದೆ. ಆದರೆ ಜೊತೆಯಲ್ಲೇ ಬ್ರೌಸರಿಗೆ, 'ಇದನ್ನು ತಿಂಗಳುಗಟ್ಟಲೆ ಇಟ್ಟುಕೊ, ಮತ್ತೆ ಕೇಳಬೇಡ' ಎಂದೂ ಹೇಳಿ ಕಳಿಸುತ್ತದಂತೆ! ಹೋಟೆಲಿನವನು ಬಿಸಿ ಇಡ್ಲಿ ಕೊಟ್ಟು, ತಿಂಗಳಿಡೀ ಇದನ್ನೇ ತಿನ್ನಿ ಎಂದ ಹಾಗೆ. ಲಾಂಛನ, ಕುರಿಯ ಫೋಟೊ ಬೇಕಾದರೆ ಇಟ್ಟುಕೊಳ್ಳಲಿ, ಅವು ಬದಲಾಗುವುದಿಲ್ಲ. ತಾರೀಖನ್ನೂ ಕೂಡಿಡಬೇಕೇ ಸ್ವಾಮಿ? ನೀವು ಶಿಬಿರವನ್ನು ಮೊದಲೇ ಮಾಡಲು ತಾರೀಖು ಬದಲಿಸಿದ ಮೇಲೆ ಜುಂಜೇಶ ಅಂದೇ ಮೊದಲ ಸಲ ತೆರೆದ, ಅವನಿಗೆ ಹೊಸ ಪುಟ ಬಂತು. ದಿನಾ ನಿಮ್ಮನ್ನು ಕೇಳುತ್ತಿದ್ದೇನೆ ಎಂದುಕೊಂಡ ನಾನು ನನ್ನ ಕಂಪ್ಯೂಟರಿನಲ್ಲೇ ಉಳಿದಿದ್ದ ಹಳೆಯದನ್ನು ಓದುತ್ತಿದ್ದೆ.

ನಿಮ್ಮನ್ನು ಬೈದರೆ ಹಗುರಾಗಬೇಕಿತ್ತು, ಆಗುತ್ತಿಲ್ಲ. ರಿಫ್ರೆಶ್ ಗುಂಡಿ ಕಣ್ಣೆದುರೇ ಇತ್ತು. ಹುಡುಗ ನಿಜ ಹೇಳಿದ್ದಾಗ ಒಮ್ಮೆ ಒತ್ತಿ ನೋಡಲು ನನಗೇನಾಗಿತ್ತು? ನನಗಿಂತ ಅವನಿಗೆ ಹೆಚ್ಚು ಗೊತ್ತಿರಬಹುದು ಎಂದು ಒಪ್ಪಲು ಮನಸ್ಸಿರಲಿಲ್ಲ, ಅಷ್ಟೇ.

ಹುಚ್ಚಕ್ಕನ ಕ್ಷಮೆ ಕೇಳಲು ಹೋದೆ. "ನಿಂದೇನ್ ತಪ್ಪಪ್ಪ, ಅದ್ರಾಗ್ ಇದ್ದಿದ್ ಹೇಳ್ದೆ. ಉಳಿದವಕ್ಕೆ ಯಾವಾಗ ಹಾಕ್ತಾರೆ, ನೋಡಿ ಹೇಳು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ತಾರೀಖಿನ ಪುಟವನ್ನು ಪ್ರತಿ ಸಲವೂ ಸರ್ವರನ್ನು ಕೇಳಿಯೇ ತೋರಿಸುವಂತೆ ಮಾಡಿಸಿ. ಅದಕ್ಕೂ ಮೊದಲು, ಅವಳ ಉಳಿದ ಕುರಿಗಳಿಗೆ ಲಸಿಕೆ ಹಾಕುವವರನ್ನು ಹಟ್ಟಿಗೇ ಕಳಿಸಿ. ಯಾವತ್ತು ಬರುತ್ತೀರೆಂದು ಅವಳಿಗೇ ನೇರವಾಗಿ ಹೇಳಿ. ನನ್ನ ಕೈಲಿ ಹೇಳಿಸಬೇಡಿ. ನಾನು ಹೇಳಿದರೆ ಅವಳು ಈಗಲೂ ನಂಬುತ್ತಾಳೆ.

ಇಂತಿ,
ಹುಚ್ಚಕ್ಕನ ಮುಖ ನೋಡಲಾರದ
ರಂಗೇಶ್, ಐಮಂಗಲ