ತುಂಬಿದ ನೀರಿನ ಗೆರೆ

ಹೊಲದ ಮನೆ, ಸವದತ್ತಿ
12 ಫೆಬ್ರುವರಿ 1999

ಪ್ರೀತಿಯ ತಂಗಿ ಭಾಗೀರಥಿಗೆ,

ಅಕ್ಕ ಬರೆಯುವುದೇನೆಂದರೆ, ನಾವು ಆರೋಗ್ಯದಿಂದಿದ್ದೇವೆ; ಉಳಿದದ್ದು ಚೆನ್ನಾಗಿಲ್ಲ.

ಹಿನ್ನೀರಿನ ದಂಡೆಯಲ್ಲಿ ಮನೆ ಕಟ್ಟಲು ನೀನು ಹಾಕಿದ ಅರ್ಜಿ ತಿರಸ್ಕಾರವಾದ ಕಾಗದ ರಾಮದುರ್ಗಕ್ಕೆ ತಲುಪಿರಬೇಕು. ಹೊಸ ನಿಯಮ ಬಂದಿದೆ: ನೀರು ತುಂಬಿ ನಿಂತ ಗೆರೆಯಿಂದ ನೂರು ಅಡಿಯೊಳಗೆ ಮನೆ ಇರಕೂಡದು, ಆ ಜಾಗ ಉದ್ಯಾನಕ್ಕೆ, ಮಕ್ಕಳ ಆಟಕ್ಕೆ ಮೀಸಲು. ನಿನ್ನ ಜಾಗ ಪೂರ್ತಿ ಅದರಲ್ಲಿ ಹೋಗಿದೆ. ಕಾಗದದಲ್ಲಿ ಇಷ್ಟೇ ಇರುತ್ತದೆ. ಗೆರೆ ತೋರಿಸಿದವರು ಯಾರೆಂದು ಇರುವುದಿಲ್ಲ.

ನೀರಿನ ಗೆರೆಗೆ ಹಿಂದೆ ನೆಟ್ಟಿದ್ದ ಗಡಿಕಲ್ಲುಗಳನ್ನು ಊರವರು ಎಂದೋ ಕಿತ್ತು ಬಟ್ಟೆ ಒಗೆಯಲು ಹಾಕಿಕೊಂಡಿದ್ದಾರೆ. ಹೀಗಾಗಿ ಸರ್ವೇಯರ್ ಪಂಚನಾಮೆಗೆ ಬಂದು, ನಾಲ್ಕು ವರ್ಷದ ಹಿಂದೆ ತುಂಬಿದ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿದ. ಗಂಡಸರು ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಿದರು. ಪಂಚಾಯಿತಿಯ ಹಿರಿಯರು ಮಲಕಾಜಪ್ಪನವರು, "ಇವರಿಗೇನ ಗೊತ್ತು? ಇಂದ್ರವ್ವಾ, ದಿನಾ ಅರಿವಿ ಒಗದಾಕಿ ನೀನು, ನೀ ಹೇಳವಾ" ಎಂದರು. ನಾನು ನಿನ್ನ ಜಾಗದ ಮೇಲ್ತುದಿಯ ಬನ್ನಿಗಿಡ ತೋರಿಸಿದೆ. ಸಹಿಯನ್ನೂ ಹಾಕಿದೆ.

ನೀರು ಆ ಗಿಡದ ಹತ್ತಿರವೂ ಬಂದಿರಲಿಲ್ಲ. ನಿನಗೂ ಗೊತ್ತು. ಆ ವರ್ಷ ನೀನು ಬಾಣಂತನಕ್ಕೆ ನನ್ನಲ್ಲಿಗೆ ಬಂದಿದ್ದೆ. ಮೂರನೆಯ ತಿಂಗಳಲ್ಲಿ, ತುಂಬಿದ ನೀರಿನ ಅಂಚಿನಲ್ಲಿ ಕೂಸಿನ ಬಟ್ಟೆ ನಾನು ಒಗೆದು ಹಿಂಡಿದರೆ ನೀನು ಒಣಹಾಕುತ್ತಿದ್ದೆ. ಬನ್ನಿಗಿಡ ಅಲ್ಲಿಂದ ಎಪ್ಪತ್ತು ಹೆಜ್ಜೆ ಮೇಲೆ.

ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತೀ. ಅಪ್ಪ ಹೊಲ ಪಾಲು ಮಾಡಿದಾಗ ಮೊದಲು ಆರಿಸಿದವಳು ನಾನು. ಎರೆಹೊಲ ಇಟ್ಟುಕೊಂಡು, ಪ್ರತಿವರ್ಷ ಕೆಸರಾಗುವ ದಂಡೆಯನ್ನು ನಿನಗೆ ಬಿಟ್ಟೆ. "ಆತು ಬಿಡಕ್ಕಾ, ನಿನಗ ಸಮಾಧಾನ ಆದ್ರ ಸಾಕು" ಎಂದು ನೀನು ನಕ್ಕೆ. ಈಗ ಅಲ್ಲಿ ಉದ್ಯಾನ ಬರುತ್ತದೆ, ದೋಣಿ ಬರುತ್ತದೆ ಎಂದು ಕಾರಿನಲ್ಲಿ ಬಂದವರು, ಇಷ್ಟು ಚೆಂದದ ಜಾಗ ಯಾರದೆಂದು ನನ್ನನ್ನೇ ಕೇಳುತ್ತಾರೆ. ನನ್ನ ತಂಗಿಯದು ಎಂದು ಎಷ್ಟು ಸಲ ಹೇಳಲಿ?

ಮೊನ್ನೆ ಸೋಮವಾರ ಸರ್ವೇಯರ್ ಮೂರು ಕಾಲಿನ ದುರ್ಬೀನು ತಂದ. ಬನ್ನಿಗಿಡದ ಬುಡದ ಮಟ್ಟ ಹಿಡಿದು, ಗೂಟ ಹೊಡೆಯುತ್ತ, ಹಳ್ಳದ ಗುಂಟ ನಮ್ಮ ಹೊಲಕ್ಕೇ ಬಂದ. ಇಲ್ಲಿಗೇಕೆ ಎಂದೆ. "ನಿಂತ ನೀರು ಎಲ್ಲಾ ಕಡೆ ಒಂದ ಮಟ್ಟ ಇರತೈತ್ರಿ ಅಕ್ಕಾರ. ನಿಮ್ಮ ತಂಗಿ ಕಡೆ ಅಷ್ಟು ಬಂದಿದ್ರ ನಿಮ್ಮ ಕಡೆ ಬರದ ಬಿಟ್ಟೀತೇನ್ರಿ?" ಎಂದ. ಕೊನೆಯ ಗೂಟ ನಮ್ಮ ಹಿತ್ತಲ ಬಾಗಿಲಿಗೆ ಬಿತ್ತು. ಮಲಕಾಜಪ್ಪನವರು ಅದನ್ನು ನೋಡಿ, "ಹಂಗಾದ್ರ ಆ ವರ್ಷ ಅಡಗಿ ದೋಣ್ಯಾಗ ಮಾಡಿದ್ಯೇನವಾ?" ಎಂದರು. ಎಲ್ಲರೂ ನಕ್ಕರು. ನಮ್ಮದು ಪರವಾನಗಿ ಇಲ್ಲದೆ ಕಟ್ಟಿದ ಮನೆ. ಕೆಡವಬೇಕೆಂದು ನೋಟಿಸು ಬಂದಿದೆ. ನಮ್ಮ ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ತಕರಾರು ಹೇಳಲು ಮಾರ್ಚ್ ಒಂದರವರೆಗೆ ಸಮಯವಿದೆ. ಸುಳ್ಳು ಹೇಳಿದೆನೆಂದು ನಾನು ಬರೆದುಕೊಟ್ಟಿದ್ದೇನೆ. ಮನೆ ಉಳಿಸಿಕೊಳ್ಳಲು ಮಾತು ತಿರುಗಿಸುತ್ತಾಳೆ ಎನ್ನುತ್ತಾರೆ. ಆ ವರ್ಷದ ನೀರನ್ನು ನನ್ನ ಜೊತೆ ನಿಂತು ನೋಡಿದವಳು ನೀನೊಬ್ಬಳೇ. ನೀನು ಬಂದು ನಾವು ಬಟ್ಟೆ ಒಗೆದ ಜಾಗ ತೋರಿಸಿದರೆ, ನೂರು ಅಡಿ ಬಿಟ್ಟರೂ ನಿನ್ನ ಮನೆಗೆ ಜಾಗ ಉಳಿಯುತ್ತದೆ, ನನ್ನದೂ ನಿಲ್ಲುತ್ತದೆ. ಬರದಿದ್ದರೆ ಎರಡೂ ಇಲ್ಲ. ಬಾ ಎನ್ನುವ ಮುಖ ನನಗಿಲ್ಲ. ಬೆಳಗಿನ ಬಸ್ಸು ಹನ್ನೊಂದರೊಳಗೆ ಸವದತ್ತಿ ಮುಟ್ಟುತ್ತದೆ.

ನಿನ್ನ ಅಕ್ಕ,
ಇಂದ್ರವ್ವ

ಮರೆತಿದ್ದೆ: ಮನೆ ಕಟ್ಟಿಸಿದರೆ ಮಾಳಿಗೆ ಏರಿಸಬೇಡ. ನಮ್ಮ ಅಡುಗೆಮನೆಯ ಕಿಟಕಿಗೆ ನೀರು ಕಾಣುವುದು ನಿನ್ನ ಜಾಗದ ಮೇಲಿಂದಲೇ. ಇದನ್ನು ನೀನು ಅರ್ಜಿ ಹಾಕಿದ ದಿನವೇ ನಾನು ಕೇಳಬಹುದಿತ್ತು. ಕೇಳಿದ್ದರೆ ನೀನು ನಕ್ಕು ಒಪ್ಪುತ್ತಿದ್ದೆ. ಅದಕ್ಕೇ ಕೇಳಲಿಲ್ಲ.