ಕೈಯಲ್ಲ, ಸೆರಗು

ರಾಯಚೂರು, ನವೆಂಬರ್ ೧೯೭೮

ಮಾನ್ವಿಯ ಅಕ್ಕನಿಗೆ ನಿನ್ನ ತಮ್ಮ ವೆಂಕೋಬನ ನಮಸ್ಕಾರ.

ನಾನು ಬದುಕಿದ್ದೇನೆ. ಅಣ್ಣ ಬಾರುಕೋಲಿನಿಂದ ಹೊಡೆದ ದಿನವೇ ಗಬ್ಬೂರಿನಲ್ಲಿ ಬಸ್ಸು ಹತ್ತಿ ಇಲ್ಲಿಗೆ ಬಂದೆ. ನೂರ್ ಬೀ ಎಂಬ ಹಿರಿಯಳ ಮನೆಯಲ್ಲಿದ್ದೇನೆ. ಅವಳೂ ನನ್ನಂತೆ ಗಂಡಾಗಿ ಹುಟ್ಟಿ, ಸೀರೆ ಬಯಸಿ ಊರು ಬಿಟ್ಟವಳು.

ನಿನ್ನೆ ಮೊದಲ ಸಲ ಸೀರೆ ಉಟ್ಟೆ. ಪಕ್ಕದ ಮನೆಯ ಶೇಖಮ್ಮ ಮೊರ ಹಿಡಿದು ಬಂದಳು. ಹೊಡೆಯಲು ಬಂದಳೆಂದು ಅಡುಗೆಮನೆಗೆ ಓಡಿದೆ. ಅವಳು ಬಂದದ್ದು ಉಡಿ ತುಂಬಲು! "ಹೊಸ ಸೀರಿ ಉಟ್ಟ ಹೆಣ್ಮಗಳು ಬರೇ ಉಡೀಲೆ ಇರಬಾರದು" ಎಂದಳು. ನಾನು ಗಾಬರಿಯಲ್ಲಿ ಎರಡೂ ಕೈ ಒಡ್ಡಿದೆ. "ಭಿಕ್ಷಾ ಬೇಡಾಕ ಬಂದೀಯೇನ್ ಬೇ? ಸೆರಗು ಒಡ್ಡು" ಎಂದು ಗದರಿ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು ಹಾಕಿದಳು. ಆಮೇಲೆ ಕೇಳಿದಳು, "ತವರಿನ ಕಡಿಂದ ಒಂದು ಹಿಡಿ ಬೀಳಬೇಕಲ್ಲ, ಯಾರದಾರ?" ನಿನ್ನ ಹೆಸರು ಹೇಳಿಬಿಟ್ಟೆ.

ಬೆನ್ನಿನ ಬಾಸುಂಡೆ ಮಾಯ್ದಿದೆ, ಜ್ವರ ಬಿಟ್ಟಿಲ್ಲ. ಅಣ್ಣ ಹತ್ತಿ ಮಾರಲು ಬಂದಿರುತ್ತಾನೆಂದು ಗಂಜ್ ಮಾರುಕಟ್ಟೆಯ ಕಡೆ ಕಾಲಿಡುವುದಿಲ್ಲ. ನಿನ್ನ ಅತ್ತೆಮನೆಯಲ್ಲಿ ಓದು ಬಲ್ಲವಳು ನೀನೊಬ್ಬಳೇ ಎಂಬ ಧೈರ್ಯದಿಂದ ಕಾರ್ಡಿನಲ್ಲೇ ಬರೆದೆ. ಟಪಾಲಿನವನು ಓದಿದ್ದರೆ ಏನು ಗತಿಯೋ! ಓದಿದ ಕೂಡಲೇ ಒಲೆಗೆ ಹಾಕು.

ಶೇಖಮ್ಮ ಬರುವ ವಾರ ಮಾನ್ವಿಗೆ ಬರುತ್ತಾಳೆ. ಅವಳ ಕೈಯಲ್ಲಿ ಒಂದು ಹಿಡಿ ಜೋಳ ಕೊಡುತ್ತೀಯಾ? ಮನಸ್ಸಿಲ್ಲದಿದ್ದರೆ ಅವಳನ್ನು ಬಾಗಿಲಲ್ಲಿ ಕಾಯಿಸಬೇಡ, ವೆಂಕೋಬ ಯಾರೋ ಗೊತ್ತಿಲ್ಲ ಎಂದುಬಿಡು.

ಕಾರ್ಡು ತುಂಬಿತು. ಹೀಗೆ ಬರೆಯಬಹುದೇನೇ ಅಕ್ಕಾ,

ನಿನ್ನ ತಂಗಿ