ಮೂಗುತಿ ಹಾಕಿದ ಕಾಟ್ಲಾ

ಹೊನ್ನಾಳಿ,
೧೯-೮-೧೯೮೪

ಚಿ. ಸೌ. ನಿರ್ಮಲಳಿಗೆ ನಿನ್ನ ಅವ್ವ ದ್ಯಾಮಮ್ಮ ತಲೆ ಸವರಿ ಬರೆಯುವುದು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಸಿಟ್ಟಾಗುವ ಹಕ್ಕು ಈ ಸಲ ನನ್ನದು, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಏಳು ತಿಂಗಳು ತುಂಬಿದರೂ ಹೆರಿಗೆಗೆ ಕರೆದುಕೊಂಡು ಹೋಗಲು ಅಪ್ಪ ಯಾಕೆ ಬರಲಿಲ್ಲ ಎಂದು ಕೇಳಿದ್ದೀಯ. ಅಂದರೆ ಕತ್ತಲಗೆರೆಯಲ್ಲಿ ನಿನ್ನ ಅತ್ತೆ ಮನೆಯವರು ನಿನಗೆ ಏನೂ ಹೇಳಿಲ್ಲ. ಬಸುರಿ ಹೆಂಗಸು ಹೆದರಬಾರದೆಂದು ಸುಮ್ಮನಿದ್ದಾರೆ ಅಂದುಕೊಳ್ಳೋಣ. ನಾನು ಹೇಳುತ್ತೇನೆ, ಕೂತುಕೊಂಡು ಓದು. ನಿಮ್ಮಪ್ಪ ಬದುಕಿದ್ದಾರೆ. ಬಲಗಣ್ಣು ಹೋಗಿದೆ, ಎಡಗೈ ಮೇಲೇಳುವುದಿಲ್ಲ, ಮಾತು ತೊದಲುತ್ತದೆ. ಆದರೆ ಬದುಕಿದ್ದಾರೆ.

ಕೆರೆಯ ಸಂಗತಿ ನಿನಗೆ ಅರ್ಧ ಗೊತ್ತು. ಹೋದ ಚಳಿಗಾಲದಲ್ಲಿ ಮೀನುಗಳಿಗೆಲ್ಲ ಮೈಮೇಲೆ ಕೆಂಪು ಹುಣ್ಣೆದ್ದು, ರೆಕ್ಕೆ ಕೊಳೆತು, ಹೊಟ್ಟೆ ಮೇಲೆ ಮಾಡಿ ತೇಲಿದವು. ದಂಡೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ನಾಯಿಗಳೂ ಮೂಸಿ ನೋಡಿ ತಿರುಗಿ ಹೋಗುತ್ತಿದ್ದವು. ನಮ್ಮ ಬೆಸ್ತರ ಕೇರಿಯವರೂ ನಿನ್ನ ಗಂಡನ ಕಡೆಯವರೂ ಕೂಡಿ ಗುತ್ತಿಗೆ ಹಿಡಿದ ಕೆರೆಯಲ್ಲವೇ, ಎರಡೂ ಕಡೆ ಒಲೆ ಒಟ್ಟಿಗೇ ತಣ್ಣಗಾಯಿತು. ಮೀನುಗಾರಿಕೆ ಇಲಾಖೆಯ ಸಾಹೇಬರು ಬಂದು ನೋಡಿ, "ಬೇಸಿಗೇಲಿ ಕೆರೆ ಪೂರಾ ಒಣಗಿಸ್ರಿ, ಸುಣ್ಣ ಹಾಕ್ರಿ. ಹಳೇ ಮೀನು ಒಂದೂ ಉಳೀಬಾರ್ದು. ಮಳೆ ಬಂದ ಮ್ಯಾಲೆ ಹೊಸ ಮರಿ ಬಿಡೋಣ" ಅಂದರು. ಎಲ್ಲರೂ ಹೂಂ ಅಂದರು. ನಿಮ್ಮಪ್ಪನೂ ಹೂಂ ಅಂದರು.

ಹೂಂ ಅಂದು ಬಂದವರು ಊಟ ಬಿಟ್ಟು ಮುದುಡಿ ಕೂತರು. ಗಂಗಮ್ಮನ ಮೀನನ್ನು ಏನು ಮಾಡುವುದು? ಮರಿ ಬಿಡುವಾಗ ಒಂದು ದೊಡ್ಡ ಮೀನಿಗೆ ಮೂಗುತಿ ಹಾಕಿ ಆ ತಾಯಿಯ ಹೆಸರಿಗೆ ಎಲ್ಲಕ್ಕಿಂತ ಮೊದಲು ನೀರಿಗಿಳಿಸುವುದು, ಆಮೇಲೆ ಎಂದಾದರೂ ಅದು ಬಲೆಗೆ ಬಿದ್ದರೆ ಕುಂಕುಮ ಹಚ್ಚಿ ಮತ್ತೆ ಬಿಡುವುದು ನಮ್ಮ ಮನೆಯ ನಡಾವಳಿ. ಈಗಿದ್ದ ಕಾಟ್ಲಾ ಮೀನಿಗೆ ಹಿತ್ತಾಳೆ ತಂತಿಯ ಮೂಗುತಿ ಹಾಕಿದವಳು ನೀನೇ, ಮದುವೆಯ ಹಿಂದಿನ ವರ್ಷ, ಹೆದರಿ ಕಣ್ಣು ಮುಚ್ಚಿಕೊಂಡು. ಅದನ್ನು ಕೊಲ್ಲಲು ನಿಮ್ಮಪ್ಪನಿಗೆ ಕೈ ಬರಲಿಲ್ಲ. ಡ್ರಮ್ಮಿನಲ್ಲಿಟ್ಟು ಗಾಡಿಯಲ್ಲಿ ತಂದು, ನಮ್ಮ ಹಿತ್ತಲಿನ ಕಲ್ಲು ಬಾನಿಯ ನೀರಿಗೆ ಬಿಟ್ಟರು.

ಕಲ್ಲುಪ್ಪು ಕರಗಿಸಿದ ನೀರಿನಲ್ಲಿ ಮೀನಿನ ಹುಣ್ಣು ಮಾಗುತ್ತದೆ ಎಂದು ಅವರ ಅಪ್ಪ ಹೇಳಿಕೊಟ್ಟಿದ್ದರಂತೆ. ಸಾರಿಗೆ ಉಪ್ಪಿಲ್ಲದ ದಿನವೂ ಬಾನಿಗೆ ಉಪ್ಪು ಇರುತ್ತಿತ್ತು. ಬೆಳಿಗ್ಗೆ ಎದ್ದರೆ ನೀರು ಬದಲಿಸುವುದು, ಎರೆಹುಳ ಹುಡುಕುವುದು, ತೌಡು ನೆನೆಸುವುದು. ನಾನು ರೇಗಿಸಿದೆ: "ಕಟ್ಕೊಂಡ ಹೆಂಡ್ತಿಗೆ ಜ್ವರ ಬಂದಾಗ ಒಂದು ಲೋಟ ನೀರು ಕೊಟ್ಟೀರೇನ್ರಿ?" ಅವರು ನಕ್ಕು, "ನಿಂಗೆ ಮೂಗುತಿ ಹಾಕ್ಸಿದ್ದು ನಾನು. ಇದುಕ್ಕೆ ಹಾಕಿದ್ದು ನನ್ ಮಗಳು. ಜ್ವಾಪಾನ ಮಾಡ್ಬೇಕು" ಅಂದರು. ಹುಣ್ಣು ನಿಜವಾಗಿಯೂ ಒಣಗಿತು. ಅಲ್ಲಿ ಹೊಸ ಹುರುಪೆ ಬಂದಿತ್ತು, ನಾನೇ ಮುಟ್ಟಿ ನೋಡಿದ್ದೇನೆ.

ಆಷಾಢದ ಮಳೆಗೆ ಕೆರೆ ಮುಕ್ಕಾಲು ತುಂಬಿತು. ಭದ್ರಾ ಡ್ಯಾಮಿನ ಕಡೆಯಿಂದ ಜೀಪಿನಲ್ಲಿ ಮೀನುಮರಿ ಬಂದವು. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು, ಒಳಗೆ ಜೀರಿಗೆಯಷ್ಟೇ ಇದ್ದ, ದೊಡ್ಡ ಕಣ್ಣಿನ ಮರಿಗಳು. ಸಾಹೇಬರು ಅರ್ಧ ಚೀಲಗಳನ್ನು ಏರಿಯ ಮೇಲೆ ಇಳಿಸಿ, ಉಳಿದದ್ದನ್ನು ಆಚೆ ದಂಡೆಯಲ್ಲಿ ಇಳಿಸಲು ಹೋದರು. ನಮ್ಮವರಿದ್ದರು, ನಿಮ್ಮ ಕಡೆಯಿಂದ ನಿನ್ನ ಗಂಡ ಹಾಲೇಶ, ಅವನ ದೊಡ್ಡಪ್ಪ ಮೈಲಾರಪ್ಪ, ಇನ್ನೂ ಒಂದಷ್ಟು ಜನ ಇದ್ದರು. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಆಗ ನಿಮ್ಮಪ್ಪ ಗಾಡಿಯಿಂದ ಡ್ರಮ್ಮು ಇಳಿಸಿದರು.

ಮೈಲಾರಪ್ಪ ಬಗ್ಗಿ ನೋಡಿ ಕೂಗಿದ: "ಏನೋ ದುರುಗಾ ಇದು? ರೋಗದ ಮೀನು ಬಚ್ಚಿಟ್ಟಿದ್ಯೇನೋ? ಮತ್ತೆ ಕೆರೆಗೆ ಬಿಟ್ಟು ನಮ್ ಮಕ್ಕಳ ಬಾಯಿಗೆ ಮಣ್ಣು ಹಾಕ್ತೀಯಾ?"

"ಗಾಯ ಮಾಗೈತೆ, ನೋಡ್ರಿ," ಅಂದರು ನಿಮ್ಮಪ್ಪ. "ಸಾಹೇಬ್ರು ಬರ್ಲಿ, ಅವ್ರೇ ನೋಡ್ಲಿ. ಬ್ಯಾಡ ಅಂದ್ರೆ ವಾಪಸ್ ಬಾನಿಗೆ ಒಯ್ತೀನಿ. ಕೊಲ್ಲಾಕೆ ಮಾತ್ರ ಬಿಡಲ್ಲ."

ನಿನ್ನ ಗಂಡ, "ಮಾವ, ಹಟ ಮಾಡಬ್ಯಾಡ್ರಿ, ಇಲ್ಲೇ ಕೊಚ್ಚಿ ಹಾಕ್ರಿ" ಅಂದ. ಅವರ ಭಯ ಸುಳ್ಳೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಹಸಿವು ಅವರ ಮನೆಯಲ್ಲೂ ಇತ್ತು. ಜೀಪು ತಿರುಗಿ ಬರುವ ತನಕ ಒಂದು ಬೀಡಿ ಸೇದುತ್ತ ಕಾದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು.

ಮೈಲಾರಪ್ಪ ಡ್ರಮ್ಮನ್ನು ಒದ್ದ. ಮೀನು ಏರಿಯ ಕಲ್ಲಿನ ಮೇಲೆ ಬಿದ್ದು ಬಡಬಡ ಬಡಿದುಕೊಂಡಿತು. ಯಾರೋ ಮಚ್ಚು ತಂದು ಬೀಸಿದ, ಏಟು ಬಾಲದ ಹತ್ತಿರ ಬಿತ್ತು. ನಿಮ್ಮಪ್ಪ ಮೀನಿನ ಮೇಲೆ ಅಡ್ಡ ಬಿದ್ದು ತಬ್ಬಿಕೊಂಡರು. ಅಷ್ಟೇ, ಆಮೇಲೆ ಯಾರು ಯಾರಿಗೆ ಹೊಡೆದರು ಅನ್ನುವುದಕ್ಕೆ ಲೆಕ್ಕವಿಲ್ಲ. ನಮ್ಮ ಕೇರಿಯವರು ಕಲ್ಲು ಎತ್ತಿಕೊಂಡರು. ಮೈಲಾರಪ್ಪನ ಮುಂದಿನ ಹಲ್ಲು ಉದುರಿದವು. ಪಕ್ಕದ ಮನೆಯ ಶಿವಮೂರ್ತಿಯ ಕಿವಿ ಹರಿದು ಜೋತಾಡುತ್ತಿತ್ತು. ಒಬ್ಬನನ್ನು ನೀರಿನಲ್ಲಿ ಮುಳುಗಿಸಿ ಹಿಡಿದಿದ್ದರು, ಅವನ ಕಾಲು ಒದ್ದಾಡುವುದನ್ನು ನೋಡಿ ನಾನು ಆರತಿ ತಟ್ಟೆಯಿಂದಲೇ ಹಿಡಿದವನ ತಲೆಗೆ ಬಡಿದು ಬಿಡಿಸಿದೆ. ಅವನು ನಮ್ಮವನೋ ಅವರವನೋ ನೋಡಲಿಲ್ಲ.

ಮರಿಯ ಚೀಲಗಳು ಕಾಲಡಿ ಸಿಕ್ಕಿ ಟಪ್ ಟಪ್ ಎಂದು ಒಡೆದವು. ಕೆಸರಿನ ತುಂಬ ಮರಿ. ಹೊಡೆದಾಡುವವರು ಅವುಗಳ ಮೇಲೇ ಜಾರಿ ಬೀಳುತ್ತಿದ್ದರು, ಎದ್ದು ಮತ್ತೆ ತುಳಿಯುತ್ತಿದ್ದರು. ಯಾವುದಕ್ಕಾಗಿ ಹೊಡೆದಾಡುತ್ತಿದ್ದಾರೋ ಅದನ್ನೇ ಅರೆಯುತ್ತಿದ್ದಾರೆ ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಒಬ್ಬರೂ ಕೇಳಲಿಲ್ಲ.

ಆಗಲೇ ಹರಿಗೋಲಿನ ಹುಟ್ಟು ನಿಮ್ಮಪ್ಪನ ತಲೆಗೆ ಬಿದ್ದದ್ದು. ತೆಂಗಿನಕಾಯಿ ಒಡೆದ ಹಾಗೆ ಸದ್ದಾಯಿತು. ಇನ್ನೊಂದು ಪೆಟ್ಟು ಕಣ್ಣಿಗೆ ಬಿತ್ತು. ಆ ರಕ್ತ ಕಂಡ ಮೇಲೆ ಎಲ್ಲರೂ ಕೈ ಬಿಟ್ಟು ನಿಂತರು. ಮೀನು ಖರೀದಿಗೆ ಬರುವ ಬುಡನ್‌ಸಾಬ್ ಅವತ್ತು ಅಲ್ಲಿರದಿದ್ದರೆ ನಾನು ಇವತ್ತು ಕುಂಕುಮ ಇಟ್ಟುಕೊಂಡಿರುತ್ತಿರಲಿಲ್ಲ. ತನ್ನ ರುಮಾಲು ಬಿಚ್ಚಿ ತಲೆಗೆ ಕಟ್ಟಿ, "ಅಳಬ್ಯಾಡ್ರಿ ಅಕ್ಕಾ, ಕಾಲು ಹಿಡ್ಕೊಳ್ರಿ" ಎಂದು ಲಾರಿಗೆ ಎತ್ತಿಸಿ ಶಿವಮೊಗ್ಗದ ತನಕ ಓಡಿಸಿದ.

ಆಸ್ಪತ್ರೆಗೆ ಪೊಲೀಸರು ಬಂದು ಹೊಡೆದವರು ಯಾರೆಂದು ಕೇಳಿದರು. ನಿಮ್ಮಪ್ಪ ತೊದಲುತ್ತ, "ಏರಿ ಮ್ಯಾಲೆ ಕಾಲು ಜಾರ್ತು ಸ್ವಾಮಿ" ಅಂದರು. ಪೊಲೀಸರು ನನ್ನ ಮುಖ ನೋಡಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ನೋಡಿದೆ.

ಈಗ ಮನೆಗೆ ಬಂದಿದ್ದೇವೆ. ಜಗಳೂರಿನಿಂದ ನಿಮ್ಮಪ್ಪನ ಅಕ್ಕ, ನಿನ್ನ ದೊಡ್ಡತ್ತೆ, ಬಂದು ಉಣಿಸುತ್ತಿದ್ದಾಳೆ. ತಮ್ಮನಿಗೆ ತುತ್ತಿಗೊಂದು ಬೈಗುಳ, ಅವರು ಅದಕ್ಕೇ ಚೇತರಿಸಿಕೊಳ್ಳುತ್ತಿದ್ದಾರೆ ಅನಿಸುತ್ತದೆ. ಆಚೆ ದಂಡೆಯಲ್ಲಿ ಸಾಹೇಬರು ಬಿಡಿಸಿದ ಮರಿಗಳು ಬದುಕಿ ಬೆರಳುದ್ದ ಆಗಿವೆಯಂತೆ. ಕಾಯಲು ಎರಡೂ ಕಡೆಯವರು ದೊಣ್ಣೆ ಹಿಡಿದು ಕೂರುತ್ತಾರೆ, ಬೆಂಕಿಪೊಟ್ಟಣವನ್ನೂ ಒಬ್ಬರಿಂದೊಬ್ಬರು ಕೇಳಿ ಪಡೆಯುವುದಿಲ್ಲ. ಕಲ್ಲಿನ ಮೇಲೇ ಸತ್ತು ಬಿದ್ದಿದ್ದ ಗಂಗಮ್ಮನ ಮೀನನ್ನು, ಮರುದಿನ ಬಟ್ಟೆ ಒಯ್ಯಲು ಊರಿಗೆ ಬಂದಾಗ, ನಾನೇ ಏರಿಯ ಬುಡದಲ್ಲಿ ಹೂತೆ. ನಿಮ್ಮಪ್ಪ ಅದರ ವಿಷಯ ಇನ್ನೂ ಕೇಳಿಲ್ಲ. ದಿನಾ ನಿನ್ನನ್ನು ಮಾತ್ರ ಕೇಳುತ್ತಾರೆ.

ಬರುವ ಶುಕ್ರವಾರ ನನ್ನ ತಮ್ಮ ಚನ್ನಗಿರಿ ಬಸ್ಸಿನಲ್ಲಿ ನಿನ್ನನ್ನು ಕರೆಯಲು ಬರುತ್ತಾನೆ. ಕುಲುಕದ ಹಾಗೆ ಮುಂದಿನ ಸೀಟಿನಲ್ಲಿ ಕೂತು ಬಾ. ಗಂಗಮ್ಮ ನಿನ್ನ ಹೊಟ್ಟೆ ತಂಪಾಗಿಡಲಿ, ಮಡಿಲು ತುಂಬಲಿ, ನಿನ್ನ ನೋವೆಲ್ಲ ನನಗೆ ಬರಲಿ.

ನಿನ್ನ ಅವ್ವ,
ದ್ಯಾಮಮ್ಮ

ತಾ.ಕ.: ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹುಟ್ಟು ಬೀಸಿದವನು ಹಾಲೇಶ. ಮೊದಲ ಪೆಟ್ಟು ಮೀನಿಗೆಂದು ಎತ್ತಿದ್ದು, ತಪ್ಪಿ ಬಿತ್ತು ಎಂದು ನಾನೂ ಒಪ್ಪುತ್ತೇನೆ. ಆದರೆ ನಿಮ್ಮಪ್ಪ ತಲೆ ಎತ್ತಿ "ಹಾಲೇಶಾ, ನಾನಪ್ಪಾ" ಎಂದರು. ಅವನು ಮುಖ ನೋಡಿಯೇ ಎರಡನೆಯದು ಹೊಡೆದ. ಮತ್ತೆ ಎತ್ತಿದಾಗ ನಾನು ಅವನ ಕೈಗೆ ಬಾಯಿ ಹಾಕಿದೆ. ಅವನ ಹೆಬ್ಬೆರಳಿನ ಗಾಯಕ್ಕೆ ನಿನ್ನ ಹತ್ತಿರ ಏನು ಹೇಳಿದ್ದಾನೋ ಕಾಣೆ, ಅದು ನನ್ನ ಹಲ್ಲು. ಹೆರಿಗೆ ಆಗುವ ತನಕ ನಿನಗೆ ತಿಳಿಸಬಾರದೆಂದು ನಿಮ್ಮಪ್ಪ ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಆ ಕೈಯ ಪಕ್ಕದಲ್ಲಿ ಮಲಗುವವಳು ನೀನು, ನಿನಗೆ ಗೊತ್ತಿರಬೇಕು ಅನಿಸಿತು. ಅದಕ್ಕೇ ಅಂಚೆಗೆ ಹಾಕದೆ, ನಿಮ್ಮೂರಿಗೆ ಬಳೆ ಮಾರಲು ಬರುವ ಸೈದಾಬೀ ಕೈಯಲ್ಲಿ ಕಳಿಸಿದ್ದೇನೆ. ಓದಿ ಒಲೆಗೆ ಹಾಕು. ಅವನ ಎದುರು ಅಳಬೇಡ, ಏನೂ ಕೇಳಬೇಡ. ಬರುವಾಗ ನಿನ್ನ ಸೀರೆಗಳನ್ನೆಲ್ಲ ತೆಗೆದುಕೊಂಡು ಬಾ.